ಭರಣಿ ಮಳೆ, ಬಿರುಕು ಕೊಳವೆ: ಮೈಸೂರಿನ ನೀರಿನ ದಾರಿಯಲ್ಲಿ ರೋಗಾಣು

ಮೈಸೂರಿನಲ್ಲಿ ವರ್ಷಕ್ಕೆ ಸರಾಸರಿ 800 ಮಿಲಿಮೀಟರ್ ಆಸುಪಾಸಿನಲ್ಲಿ ಮಳೆಯಾಗುತ್ತದೆ. ಕರಾವಳಿ ಮತ್ತು ಮಲೆನಾಡುಗಳಂತೆ ಈ ನಗರ ಜೂನ್-ಜುಲೈ ತಿಂಗಳ ಮುಂಗಾರನ್ನೇ ನೆಚ್ಚಿಕೊಂಡದ್ದಲ್ಲ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ಊರಿಗೆ ಭರಣಿ, ಕೃತ್ತಿಕೆ ನಕ್ಷತ್ರಗಳ ಮೇ ತಿಂಗಳ ಗುಡುಗು ಮಳೆ ಒಂದು ಏರು, ಚಿತ್ತೆ, ಸ್ವಾತಿಗಳ ಅಕ್ಟೋಬರ್ ಮಳೆ ಇನ್ನೊಂದು ಏರು. ನಡುವಿನ ತಿಂಗಳುಗಳಲ್ಲಿ ಕೊಡಗು ಮತ್ತು ವಯನಾಡಿನಲ್ಲಿ ಸುರಿದದ್ದು ಕಾವೇರಿ, ಕಬಿನಿಗಳ ಮೂಲಕ ಹರಿದು ಬಂದು ನಲ್ಲಿಗಳನ್ನು ತುಂಬಿಸುತ್ತದೆ. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಎಂದು ರೈತರು ಹಿಗ್ಗುವ ಆ ಮೊದಲ ಮಳೆಯೇ, ಎರಡು-ಮೂರು ತಿಂಗಳು ಒಣಗಿ ಕೊಳೆ ಕಟ್ಟಿಕೊಂಡ ಚರಂಡಿಗಳನ್ನೂ ಹಳೆಯ ಕೊಳವೆಗಳ ಬಿರುಕುಗಳನ್ನೂ ಒಮ್ಮೆಗೇ ತೊಳೆದು ತರುವ ಮಳೆಯೂ ಆಗಿರುವುದರಿಂದ, ಆರೋಗ್ಯ ಇಲಾಖೆಯವರಿಗೆ ಮೇ ತಿಂಗಳು ನೆಮ್ಮದಿಯ ಕಾಲವಲ್ಲ. ಬಿಸಿಯಾಗುತ್ತಿರುವ ಹವಾಮಾನವು ಈ ಊರಿನ ಮೇಲೆ ಬೀರಬಹುದಾದ ಪರಿಣಾಮವನ್ನು ತಿಳಿಯಲು ವರ್ಷದ ಒಟ್ಟು ಮಳೆಯ ಲೆಕ್ಕಕ್ಕಿಂತ, ಕಡು ಬೇಸಿಗೆಯೂ ಮೊದಲ ಮಳೆಯೂ ಕೂಡುವ ಈ ಕೆಲವು ವಾರಗಳ ಲೆಕ್ಕ ಹೆಚ್ಚು ನೆರವಾಗುತ್ತದೆ.

ನೀರಿನ ಮೂಲಕ ಹರಡುವ ಬ್ಯಾಕ್ಟೀರಿಯಾ ರೋಗಗಳಲ್ಲಿ ಕಾಲರಾ, ಟೈಫಾಯ್ಡ್ ಅಥವಾ ವಿಷಮಶೀತ ಜ್ವರ, ರಕ್ತ ಬೀಳುವ ಆಮಶಂಕೆ, ಮತ್ತು ಇ-ಕೋಲಿಯ ಕೆಲವು ತಳಿಗಳಿಂದ ಬರುವ ಭೇದಿ ಮುಖ್ಯವಾದವು. ಇವೆಲ್ಲವೂ ಸಾಮಾನ್ಯವಾಗಿ ಹಿಡಿಯುವ ದಾರಿ ಒಂದೇ: ಒಬ್ಬರ ಕರುಳಿನಿಂದ ಹೊರಬಿದ್ದ ರೋಗಾಣು ಇನ್ನೊಬ್ಬರ ಬಾಯಿಗೆ ಸೇರಬೇಕು. ಇಲಿ ಜ್ವರವೆಂದು ಕರೆಯಲಾಗುವ ಲೆಪ್ಟೊಸ್ಪೈರೋಸಿಸ್ ಮಾತ್ರ ಇದಕ್ಕೆ ಹೊರತು. ಇಲಿ, ಹೆಗ್ಗಣ, ದನಗಳ ಮೂತ್ರ ಸೇರಿದ ನೀರಿನಲ್ಲಿ ಬರಿಗಾಲಲ್ಲಿ ನಡೆದರೆ, ಚರ್ಮದ ಸಣ್ಣ ಗಾಯವೊಂದೇ ಅದು ಒಳಹೊಗಲು ಸಾಕು, ಮತ್ತು 2018ರ ಪ್ರವಾಹದ ನಂತರ ಕೇರಳದಲ್ಲಿ ಅದು ಹಬ್ಬಿದ ಬಗೆ ನೆರೆಯ ಜಿಲ್ಲೆಗಳಿಗೆ ಎಚ್ಚರಿಕೆಯಾಯಿತು. ಹವಾಮಾನ ಬದಲಾವಣೆ ಈ ರೋಗಾಣುಗಳಲ್ಲಿ ಯಾವುದನ್ನೂ ಹೊಸದಾಗಿ ಹುಟ್ಟಿಸಿಲ್ಲ. ಕರುಳಿನಿಂದ ಬಾಯಿಗೆ ಇರುವ ದಾರಿಯನ್ನು ಮುಚ್ಚಲೆಂದೇ ಊರುಗಳು ನೂರು ವರ್ಷಗಳಿಂದ ಕಟ್ಟಿಕೊಂಡು ಬಂದ ಏರ್ಪಾಡುಗಳಲ್ಲಿ ಎಲ್ಲೆಲ್ಲಿ ಸಡಿಲವಿದೆಯೋ ಅಲ್ಲಲ್ಲಿ ಅದು ಕೈ ಹಾಕುತ್ತದೆ.

2023ರಲ್ಲಿ ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರದ ಮೇಲ್ನೀರು ವಾಡಿಕೆಗಿಂತ ಬಿಸಿಯಾಗಿ ಭಾರತದ ಮುಂಗಾರನ್ನು ಸೊರಗಿಸುವ ವಿದ್ಯಮಾನ, ತಲೆದೋರಿ ಕರ್ನಾಟಕದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಮರುವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ನೀರಿಗೆ ಜನ ಕಾದು ನಿಂತ ಕಾಲದಲ್ಲೇ, 2024ರ ಮೇ ತಿಂಗಳಲ್ಲಿ, ಮೈಸೂರು ನಗರದ ಅಂಚಿಗೆ ಅಂಟಿಕೊಂಡಂತಿರುವ ಕೆ. ಸಾಲುಂಡಿ ಗ್ರಾಮದಲ್ಲಿ ವಾಂತಿ-ಭೇದಿ ಕಾಣಿಸಿಕೊಂಡು ಹತ್ತಾರು ಮಂದಿ ಆಸ್ಪತ್ರೆ ಸೇರಿದರು, ಒಬ್ಬ ಯುವಕ ಮೃತಪಟ್ಟ. ಕುಡಿಯುವ ನೀರಿಗೆ ಕೊಳಚೆ ಬೆರೆತದ್ದೇ ಕಾರಣವೆಂಬ ದೂರು ಎದ್ದಿತು, ಸುತ್ತಲಿನ ಬಡಾವಣೆಗಳ ಯುಜಿಡಿ, ಅಂದರೆ ಒಳಚರಂಡಿಯ ನೀರು ಎಲ್ಲಿಗೆ ಹರಿಯುತ್ತಿದೆ ಎಂಬ ಪ್ರಶ್ನೆ ಮುನ್ನೆಲೆಗೆ ಬಂತು, ಸ್ವತಃ ಮುಖ್ಯಮಂತ್ರಿಗಳು ಆ ಊರಿಗೆ ಹೋಗಬೇಕಾಯಿತು. ಇದು ಒಂಟಿ ಪ್ರಕರಣವೂ ಅಲ್ಲ. 2022ರ ಮೇ-ಜೂನ್‌ನಲ್ಲಿ ರಾಯಚೂರು ನಗರ, 2023ರ ಬೇಸಿಗೆಯ ಕೊನೆಗೆ ಕೊಪ್ಪಳ ಜಿಲ್ಲೆಯ ಹಳ್ಳಿಗಳು, ಅದೇ ವರ್ಷದ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ ಕಲುಷಿತ ನೀರಿನಿಂದಾದ ಸಾವುಗಳಿಗಾಗಿ ಸುದ್ದಿಯಾದವು. ದಿನಾಂಕಗಳನ್ನು ಒಟ್ಟಿಗಿಟ್ಟು ನೋಡಿದರೆ, ಹೆಚ್ಚಿನವು ಬೇಸಿಗೆ ಮುಗಿದು ಮಳೆ ಹಿಡಿಯುವ ಹೊತ್ತಿನವೇ.

ಹಾಗೆಂದು ಕೆ. ಸಾಲುಂಡಿಯ ಸಾವನ್ನು ಹವಾಮಾನ ಬದಲಾವಣೆಯ ಖಾತೆಗೆ ಜಮಾ ಮಾಡುವುದು ಸರಿಯಲ್ಲ. ಒಂದು ಊರಿನ ಒಂದು ಪ್ರಕರಣವನ್ನು ಭೂಮಿಯ ತಾಪದ ಏರಿಕೆಗೆ ನೇರವಾಗಿ ಕಟ್ಟುವ ಸಾಕ್ಷ್ಯ ಸಿಗುವುದು ಕಷ್ಟ. ಅದಕ್ಕಿಂತ ಮುಖ್ಯವಾಗಿ, ಚರಂಡಿ ಕಟ್ಟದೆ ಬಡಾವಣೆಗೆ ಅನುಮತಿ ಕೊಟ್ಟವರಿಗೆ ಆಕಾಶದ ಕಡೆ ಬೆರಳು ತೋರಿಸುವುದು ಅತಿ ಸುಲಭದ ನೆಪವಾಗಿಬಿಡುತ್ತದೆ. ವಿಜ್ಞಾನಿಗಳು ಹೇಳುವುದು ಒಟ್ಟಾರೆ ಒಲವಿನ ಮಾತು: ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿ 2022ರಲ್ಲಿ ಹೊರತಂದ ವರದಿಯಲ್ಲಿ, ಹವಾಮಾನಕ್ಕೆ ಸಂಬಂಧಿಸಿದ ಜಲಜನ್ಯ ಮತ್ತು ಆಹಾರಜನ್ಯ ರೋಗಗಳು ಈಗಾಗಲೇ ಹೆಚ್ಚಿವೆ ಎಂಬುದನ್ನು ಹೆಚ್ಚಿನ ಖಚಿತತೆಯಿಂದಲೇ ಹೇಳಲಾಗಿದೆ. ಆ ಹೆಚ್ಚಳ ಯಾವ ಯಾವ ದಾರಿಯಿಂದ ಬರುತ್ತದೆ ಎಂಬುದನ್ನು ಮೈಸೂರಿನ ನೀರನ್ನೇ ಮುಂದಿಟ್ಟುಕೊಂಡು ನೋಡಬಹುದು.

ಮೊದಲನೆಯದು ಬಿಸಿಲಿನ ದಾರಿ. ಬೇಸಿಗೆ ಕಡುವಾದಷ್ಟೂ ಕೆರೆ, ಹೊಳೆ, ನಾಲೆಗಳಲ್ಲಿ ನೀರು ಇಳಿಯುತ್ತದೆ, ಆದರೆ ಅದಕ್ಕೆ ಬಂದು ಸೇರುವ ಕೊಳಚೆ ಇಳಿಯುವುದಿಲ್ಲ. ಹಾಗಾಗಿ ಅದೇ ಪ್ರಮಾಣದ ಕೊಳಚೆ ಕಡಿಮೆ ನೀರಿನಲ್ಲಿ ಬೆರೆತು ಗಾಢವಾಗುತ್ತದೆ. ಶುದ್ಧೀಕರಣ ಘಟಕದಲ್ಲಿ ನೀರಿಗೆ ಸೇರಿಸುವ ಕ್ಲೋರಿನ್ ಎಲ್ಲವೂ ಅಲ್ಲೇ ಖರ್ಚಾಗಿ ಹೋಗದೆ, ಕೊಳವೆಯ ಉದ್ದಕ್ಕೂ ಬಂದು ಮನೆಯ ನಲ್ಲಿಯವರೆಗೆ ಸ್ವಲ್ಪವಾದರೂ ಉಳಿಯಬೇಕು; ಇದನ್ನು ಉಳಿಕೆ ಕ್ಲೋರಿನ್ ಎನ್ನುತ್ತಾರೆ, ಮತ್ತು ಭಾರತೀಯ ಮಾನಕದ ಪ್ರಕಾರ ಅದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ನೀರು ಬಿಸಿಯಾದಷ್ಟೂ ಈ ಉಳಿಕೆ ಬೇಗ ಕರಗಿಹೋಗುತ್ತದೆ. ತಾರಸಿಯ ಮೇಲಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಏಪ್ರಿಲ್ ಮಧ್ಯಾಹ್ನ ನಿಂತ ನೀರು ಕೈಗೆ ಸುಡುವಷ್ಟು ಕಾಯುತ್ತದೆ ಎಂಬುದು ಎಲ್ಲ ಗೃಹಿಣಿಯರಿಗೂ ಗೊತ್ತು. ರಕ್ಷಣೆಗೆಂದು ಹಾಕಿದ ಕ್ಲೋರಿನ್ ಅಷ್ಟು ಹೊತ್ತಿಗೆ ಅಲ್ಲಿಂದ ಹೊರಟುಹೋಗಿರುತ್ತದೆ ಎಂಬುದು ಅಷ್ಟಾಗಿ ತಿಳಿದಿಲ್ಲ. ಬರಗಾಲದಲ್ಲಿ ಇದರ ಮೇಲೆ ಟ್ಯಾಂಕರ್ ನೀರು, ಗುರುತಿಲ್ಲದ ಬೋರ್‌ವೆಲ್ ನೀರು, ಡ್ರಮ್ಮು-ಕೊಡಗಳಲ್ಲಿ ನಾಲ್ಕಾರು ದಿನ ಕೂಡಿಟ್ಟ ನೀರು ಸೇರುತ್ತವೆ, ಕೈ ತೊಳೆಯಲು ಮಾತ್ರ ನೀರು ಸಾಲುವುದಿಲ್ಲ.

ಎರಡನೆಯದು ಮಳೆಯ ದಾರಿ. ಗಾಳಿಯ ತಾಪ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ ಎಂಬುದು ಭೌತಶಾಸ್ತ್ರದ ಹಳೆಯ ನಿಯಮ. ಆ ಆವಿ ಇಳಿಯುವಾಗ ಒಂದೆರಡು ಗಂಟೆಯಲ್ಲೇ ಬೀದಿ ಹೊಳೆಯಾಗುವಂಥ ಮಳೆಗಳು ಹೆಚ್ಚಾಗುತ್ತವೆ. 2021ರ ಅಕ್ಟೋಬರಿನಲ್ಲಿ ಚಾಮುಂಡಿ ಬೆಟ್ಟದ ನಂದಿ ರಸ್ತೆ ಕುಸಿದದ್ದನ್ನೂ, ಮರುವರ್ಷ ಅದೇ ತಿಂಗಳಲ್ಲಿ ಅರಮನೆಯ ಕೋಟೆ ಗೋಡೆಯ ಒಂದು ಭಾಗ ಬಿದ್ದದ್ದನ್ನೂ ಮೈಸೂರಿಗರು ಮರೆತಿಲ್ಲ. ಕಣ್ಣಿಗೆ ಕಾಣುವ ಈ ಕುಸಿತಗಳಿಗಿಂತ ಮ್ಯಾನ್‌ಹೋಲ್‌ಗಳಲ್ಲಿ ನಡೆಯುವುದು ಆರೋಗ್ಯಕ್ಕೆ ಹೆಚ್ಚು ಹತ್ತಿರದ ವಿಷಯ. ಮಳೆನೀರಿಗೆ ರಾಜಕಾಲುವೆ, ಮನೆಯ ಕೊಳಚೆಗೆ ಯುಜಿಡಿ ಎಂದು ಎರಡು ಬೇರೆ ದಾರಿಗಳಿರಬೇಕು ಎಂಬುದು ಕಾಗದದ ಮೇಲಿನ ನಿಯಮ. ಆದರೆ ತಾರಸಿಯ ಮಳೆಕೊಳವೆಯನ್ನು ಸದ್ದಿಲ್ಲದೆ ಯುಜಿಡಿಗೆ ಸೇರಿಸಿಕೊಂಡ ಮನೆಗಳು ಒಂದು ಕಡೆ, ಬೀದಿಯಲ್ಲಿ ನಿಂತ ನೀರು ಇಳಿಯಲೆಂದು ಮ್ಯಾನ್‌ಹೋಲ್ ಮುಚ್ಚಳ ಎತ್ತುವ ನಿವಾಸಿಗಳು ಇನ್ನೊಂದು ಕಡೆ, ಹೀಗೆ ಎರಡೂ ಬೆರೆತು, ಕೊಳಚೆಗೆಂದು ಮಾತ್ರ ಅಳತೆ ಮಾಡಿ ಹಾಕಿದ ಕೊಳವೆ ಉಸಿರುಕಟ್ಟಿ, ತಗ್ಗಿನ ಬೀದಿಗಳಲ್ಲಿ ಮೇಲೆ ಉಕ್ಕುತ್ತದೆ. ಆ ತಗ್ಗಿನಲ್ಲೇ ಮನೆಯ ಸಂಪು ಇರುತ್ತದೆ, ಅದರ ಮುಚ್ಚಳ ನೆಲಮಟ್ಟದಲ್ಲೇ ಇರುತ್ತದೆ.

ಉಕ್ಕಿದ ಕೊಳಚೆ ಕುಡಿಯುವ ನೀರಿನ ಕೊಳವೆಯೊಳಗೆ ಹೋಗುವ ಬಗೆಯನ್ನು ತುಸು ವಿವರವಾಗಿ ನೋಡಬೇಕು. ತುಂಬಿದ ಒತ್ತಡದಲ್ಲಿ ಹರಿಯುತ್ತಿರುವ ಕೊಳವೆಯಲ್ಲಿ ಬಿರುಕಿದ್ದರೆ ನೀರು ಹೊರಗೆ ಸೋರುತ್ತದೆಯೇ ಹೊರತು ಹೊರಗಿನದು ಒಳಗೆ ಬರುವುದಿಲ್ಲ. ನೀರು ದಿನ ಬಿಟ್ಟು ದಿನ ಬರುವ ಊರುಗಳಲ್ಲಿ, ವಾಲ್ವ್ ಮುಚ್ಚಿದ ಮೇಲೆ ಕೊಳವೆ ಬರಿದಾಗಿ ಒತ್ತಡ ಇಳಿಯುತ್ತದೆ. ಆಗ ಸುತ್ತಲಿನ ಒದ್ದೆ ಮಣ್ಣಿನಲ್ಲಿ ಏನಿದೆಯೋ ಅದು ಅದೇ ಬಿರುಕಿನಿಂದ ಒಳಸೇರುತ್ತದೆ. ನೀರು ಬಂದ ಕೂಡಲೇ ನಲ್ಲಿಯ ಲೈನಿಗೇ ಮೋಟಾರ್ ಹಾಕಿ ಎಳೆಯುವ ರೂಢಿ ಈ ಹೀರುವಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ, ಮತ್ತು ಎಳೆದವರ ಮನೆಗಷ್ಟೇ ಅಲ್ಲದೆ ಬೀದಿಯ ಕೊನೆಯ ಮನೆಗೂ ಅದರ ಫಲ ತಲುಪುತ್ತದೆ. ಇದನ್ನು ಅಂಕಿಗಳಲ್ಲಿ ತೋರಿಸಿದ ಅಧ್ಯಯನ ನಡೆದದ್ದು ಕರ್ನಾಟಕದಲ್ಲೇ. ಹುಬ್ಬಳ್ಳಿ-ಧಾರವಾಡದ ಎಂಟು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ಆರಂಭವಾದ ಮೇಲೆ, ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ನೀರನ್ನು ಉಳಿದ ವಾರ್ಡುಗಳ ನೀರಿನೊಂದಿಗೆ ಹೋಲಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬಿಟ್ಟು ಬಿಟ್ಟು ನೀರು ಬರುವ ವಾರ್ಡುಗಳ ನಲ್ಲಿಗಳಿಂದ ತೆಗೆದ ಮಾದರಿಗಳಲ್ಲಿ ಶೇ 31.7ರಲ್ಲಿ ಇ-ಕೋಲಿ ಸಿಕ್ಕರೆ, ಸದಾ ನೀರಿರುವ ವಾರ್ಡುಗಳಲ್ಲಿ ಅದು ಸಿಕ್ಕದ್ದು ಶೇ 0.7ರಲ್ಲಿ ಮಾತ್ರ. 2015ರ ಇನ್ನೊಂದು ವರದಿ, ಸದಾ ನೀರಿರುವ ವಾರ್ಡುಗಳಲ್ಲಿ ಟೈಫಾಯ್ಡ್ ಬಂದುದಾಗಿ ಹೇಳಿದ ಮನೆಗಳು ಶೇ 42ರಷ್ಟು ಕಡಿಮೆ ಎಂದು ತೋರಿಸಿತು. ವ್ಯತ್ಯಾಸ ಹುಟ್ಟಿದ್ದು ಶುದ್ಧೀಕರಣದಲ್ಲಲ್ಲ, ಕೊಳವೆಯ ದಾರಿಯಲ್ಲಿ. ಮೈಸೂರು ಕೂಡ 24 ಗಂಟೆ ನೀರಿನ ಯೋಜನೆಯನ್ನು ಅದೇ ಕಾಲದಲ್ಲಿ ಕೈಗೆತ್ತಿಕೊಂಡಿತ್ತಾದರೂ ಅದು ನಗರವಿಡೀ ಕೈಗೂಡಲಿಲ್ಲ.

ಮೈಸೂರಿಗೆ ಈ ವಿಷಯದಲ್ಲಿ ಒಂದು ಕಾಲಕ್ಕೆ ಹೆಮ್ಮೆಪಡುವ ಚರಿತ್ರೆಯೇ ಇತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ್ 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆ, ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದ ಹೆಸರನ್ನು ಇಂದಿಗೂ ಹೊತ್ತಿರುವ ವಾಣಿವಿಲಾಸ ನೀರು ಸರಬರಾಜು ಕೇಂದ್ರ, ಪ್ಲೇಗಿನ ಹೊಡೆತದ ಬೆನ್ನಿಗೇ 1903ರಲ್ಲಿ ರೂಪುಗೊಂಡ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ, ಇವೆಲ್ಲ ನೀರು, ನೈರ್ಮಲ್ಯಗಳ ಮಹತ್ವ ಅರಿತ ಆಡಳಿತದ ಗುರುತುಗಳು. ಆ ಕಾಲದ ಬಡಾವಣೆಗಳಲ್ಲಿ ಮನೆಗಳ ಹಿಂಬದಿಗೆ ಬಿಟ್ಟ ಕಿರುದಾರಿಗಳನ್ನು ಊರಿನವರು ಇಂದಿಗೂ ಕನ್ಸರ್ವೆನ್ಸಿ ಎಂದೇ ಕರೆಯುತ್ತಾರೆ; ಮಲ ಸಾಗಿಸಲೆಂದು ಬಿಟ್ಟ ಆ ಜಾಗದಲ್ಲೇ ಮುಂದೆ ಒಳಚರಂಡಿಯ ಕೊಳವೆಗಳು ಹಾದುಹೋದವು, ಮತ್ತು ಹೊಲಸು ಹಿಂದೆ, ಬೀದಿ ಮುಂದೆ ಎಂಬ ಸರಳ ಯೋಜನೆಯಲ್ಲೇ ಎರಡನ್ನೂ ದೂರವಿಡುವ ಜಾಣತನವಿತ್ತು. ಎಷ್ಟೋ ಕನ್ಸರ್ವೆನ್ಸಿಗಳು ಈಗ ಒತ್ತುವರಿಯಾಗಿ ಸ್ನಾನದ ಮನೆ, ಸ್ಕೂಟರ್ ಶೆಡ್ಡುಗಳಾಗಿವೆ. ಕುಕ್ಕರಹಳ್ಳಿ ಕೆರೆಗೂ ಮುಂದಿನ ದಶಕಗಳಲ್ಲಿ ಮೇಲ್ಭಾಗದ ಬಡಾವಣೆಗಳ ಕೊಳಚೆ ಹರಿದು, ಅದನ್ನು ತಡೆಯಲು ಮೈಸೂರು ವಿಶ್ವವಿದ್ಯಾಲಯವೂ ಊರಿನ ಪರಿಸರಾಸಕ್ತರೂ ಬಹುಕಾಲ ಹೆಣಗಬೇಕಾಯಿತು.

ಹಳೆಯ ನಗರಕ್ಕಿಂತಲೂ ಇಂದು ಚಿಂತೆಗೆ ಕಾರಣವಾಗಿರುವುದು ವರ್ತುಲ ರಸ್ತೆಯ ಆಚೀಚೆಯ ಪ್ರದೇಶ. 2020ರ ಸುಮಾರಿಗೆ ಹೂಟಗಳ್ಳಿ ನಗರಸಭೆಯೂ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳೂ ರಚನೆಯಾದ ಈ ಪಟ್ಟಿಯಲ್ಲಿ, ಮೊದಲು ಸೈಟು, ಆಮೇಲೆ ಮನೆ, ಅದಾದ ಮೇಲೆ ಬೋರ್‌ವೆಲ್, ಕಟ್ಟಕಡೆಗೆ ಯುಜಿಡಿ ಎಂಬ ಕ್ರಮದಲ್ಲಿ ಬೆಳೆದ ಖಾಸಗಿ ಲೇಔಟುಗಳು ಬೇಕಾದಷ್ಟಿವೆ. ಯುಜಿಡಿ ಬರುವ ತನಕ ಶೌಚದ ನೀರು ಇಂಗುಗುಂಡಿಗೆ ಹೋಗುತ್ತದೆ, ಇಲ್ಲವೇ ಬಡಾವಣೆಯ ಅಂಚಿನ ಮೋರಿ ಹಿಡಿದು ತಗ್ಗಿನ ಹಳ್ಳಿಯ ಕೆರೆ ಸೇರುತ್ತದೆ. ಮೈಸೂರಿನ ನೆಲದಡಿ ಇರುವುದು ನೈಸ್ ಜಾತಿಯ ಗಟ್ಟಿ ಕಲ್ಲು; ಮರಳುನೆಲದಲ್ಲಾದರೆ ನೀರು ನಿಧಾನವಾಗಿ ಸೋಸಿಕೊಂಡು ಇಳಿಯುತ್ತದೆ, ಕಲ್ಲುನೆಲದಲ್ಲಿ ಬಿರುಕು ಸಿಕ್ಕಿದ ಕಡೆ ನೇರವಾಗಿ ಹರಿದುಬಿಡುತ್ತದೆ. ಹೀಗಾಗಿ ಇಂಗುಗುಂಡಿಯಿಂದ ಬೋರ್‌ವೆಲ್‌ಗೆ ಇಷ್ಟು ಅಡಿ ದೂರವಿದೆ ಎಂಬ ಲೆಕ್ಕ ಇಲ್ಲಿ ಪೂರ್ತಿ ಭರವಸೆ ಕೊಡಲಾರದು. ನಗರವು ದಿಣ್ಣೆಯ ಮೇಲಿರುವುದರಿಂದ ಅದರ ಹೊಲಸೆಲ್ಲ ಉತ್ತರಕ್ಕೆ ಕೆಸರೆಯ ಕಡೆಯಿಂದ ಕಾವೇರಿಯತ್ತ, ದಕ್ಷಿಣಕ್ಕೆ ದಳವಾಯಿ ಕೆರೆಯ ಕಡೆಯಿಂದ ಕಬಿನಿಯತ್ತ ಇಳಿಯುತ್ತದೆ. ವಿದ್ಯಾರಣ್ಯಪುರ, ಕೆಸರೆ, ರಾಯನಕೆರೆಗಳಲ್ಲಿ ಶುದ್ಧೀಕರಣ ಘಟಕಗಳಿದ್ದರೂ, ಯುಜಿಡಿಯನ್ನೇ ಸೇರದ ಕೊಳಚೆಗೆ ಅವುಗಳಿಂದ ಉಪಯೋಗವಿಲ್ಲ.

ಈ ರೋಗಗಳಲ್ಲೆಲ್ಲ ಹವಾಮಾನಕ್ಕೆ ತೀರ ಹತ್ತಿರದ ನಂಟಿರುವುದು ಕಾಲರಾಗೆ. ರಾಬರ್ಟ್ ಕಾಕ್ 1884ರಲ್ಲಿ ಕಲ್ಕತ್ತೆಯಲ್ಲಿ ಖಚಿತಪಡಿಸಿದ ಅದರ ಬ್ಯಾಕ್ಟೀರಿಯಾ ಕರುಳಿನಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅದೇ ಊರಿನ ಶಂಭುನಾಥ ಡೇ 1959ರಲ್ಲಿ ತೋರಿಸಿಕೊಟ್ಟರು: ರೋಗಾಣು ಸ್ರವಿಸುವ ನಂಜು ಕರುಳಿನ ಗೋಡೆಯ ಜೀವಕೋಶಗಳಿಂದ ಉಪ್ಪು ಮತ್ತು ನೀರನ್ನು ಹೊರಹಾಕಿಸುತ್ತದೆ, ಭೇದಿ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗುತ್ತದೆ, ಚಿಕಿತ್ಸೆ ತಡವಾದರೆ ಕೆಲವೇ ಗಂಟೆಗಳಲ್ಲಿ ಆಳು ಕುಸಿಯುತ್ತಾನೆ. ಮನುಷ್ಯನ ಕರುಳಿನಾಚೆಗೂ ಈ ಬ್ಯಾಕ್ಟೀರಿಯಾಗೆ ನೆಲೆಯಿದೆ ಎಂಬುದನ್ನು ಕಂಡುಕೊಂಡವರು ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್. ನದೀಮುಖದ ಮತ್ತು ಕೆರೆಗಳ ನೀರಿನಲ್ಲಿ ಕಣ್ಣಿಗೆ ಕಾಣಿಸೀತೋ ಇಲ್ಲವೋ ಎಂಬಷ್ಟು ಚಿಕ್ಕ ಕೋಪಿಪಾಡ್ ಎಂಬ ಜೀವಿಗಳ ಮೈಗೆ ಅದು ಅಂಟಿಕೊಂಡಿರುತ್ತದೆ; ನೀರು ಬೆಚ್ಚಗಾಗಿ ಪಾಚಿ ಹೆಚ್ಚಿದರೆ ಪಾಚಿ ತಿನ್ನುವ ಇವು ಹೆಚ್ಚುತ್ತವೆ, ಜೊತೆಗೆ ಕಾಲರಾ ಬ್ಯಾಕ್ಟೀರಿಯಾವೂ ಹೆಚ್ಚುತ್ತದೆ. ಬಾಂಗ್ಲಾದೇಶದ 65 ಹಳ್ಳಿಗಳಲ್ಲಿ ಅವರ ತಂಡ ನಡೆಸಿದ ಪ್ರಯೋಗದಲ್ಲಿ, ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ನೀರು ಸೋಸಿದವರಲ್ಲಿ ಕಾಲರಾ ಶೇ 48ರಷ್ಟು ಇಳಿದದ್ದು 2003ರಲ್ಲಿ ವರದಿಯಾಯಿತು. ಒಗೆದು ಒಗೆದು ನೂಲು ಸಡಿಲಗೊಂಡು ಹಿಂಜಿದ ಹಳೆಯ ಹತ್ತಿ ಸೀರೆಯೇ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ ಎಂಬುದು ಆ ಪ್ರಯೋಗದ ಒಂದು ಸೊಗಸಾದ ವಿವರ.

ಮೈಸೂರಿನ ಮನೆಗಳಲ್ಲೂ ನಲ್ಲಿಯ ಬಾಯಿಗೆ ಬಿಳಿ ಬಟ್ಟೆಯ ಚೂರು ಕಟ್ಟುವ ವಾಡಿಕೆ ಇದೆ. ಎರಡೂ ಒಂದೇ ಎಂದು ಭಾವಿಸುವುದು ಮಾತ್ರ ಅಪಾಯಕರ. ಸೀರೆಯ ಮಡಿಕೆಯಲ್ಲಿ ಸಿಕ್ಕಿಬೀಳುವುದು ಬ್ಯಾಕ್ಟೀರಿಯಾವನ್ನು ಹೊತ್ತ ಕೋಪಿಪಾಡ್. ಬಿಡಿ ಬ್ಯಾಕ್ಟೀರಿಯಾ ಅದಕ್ಕಿಂತ ಎಷ್ಟೋ ಪಾಲು ಚಿಕ್ಕದಾಗಿದ್ದು ಯಾವ ನೇಯ್ಗೆಯಲ್ಲೂ ಸಲೀಸಾಗಿ ನುಸುಳುತ್ತದೆ. ಕೊಳವೆಯ ಬಿರುಕಿನಿಂದ ಒಳಬಂದ ಕೊಳಚೆಯಲ್ಲಿರುವುದು ಬಹುಪಾಲು ಬಿಡಿ ಬ್ಯಾಕ್ಟೀರಿಯಾವೇ. ಆದ್ದರಿಂದ ನಲ್ಲಿಯ ಬಟ್ಟೆ ತುಕ್ಕು, ಮರಳು, ಎಳೆಹುಳುಗಳನ್ನು ತಡೆದೀತು, ಟೈಫಾಯ್ಡನ್ನು ತಡೆಯದು. ವಾರಗಟ್ಟಲೆ ಬಿಚ್ಚದೆ ಬಿಟ್ಟು ಕಂದುಬಣ್ಣಕ್ಕೆ ತಿರುಗಿ ಲೋಳೆಯಾದ ಬಟ್ಟೆಯೇ ರೋಗಾಣುವಿಗೆ ಮನೆಯೂ ಆದೀತು. ನೀರನ್ನು ಒಲೆಯ ಮೇಲಿಟ್ಟು ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಮರಳಿಸಿದರೆ ಈ ರೋಗಗಳ ಬ್ಯಾಕ್ಟೀರಿಯಾ ಸಾಯುತ್ತದೆ. ಬೀದಿ ಮೂಲೆಯ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರು ತಂದ ಹೊತ್ತಿನಲ್ಲಿ ಶುದ್ಧವೇ ಆದರೂ, ಅದರಲ್ಲಿ ಕ್ಲೋರಿನ್ ಉಳಿದಿರುವುದಿಲ್ಲವಾದ್ದರಿಂದ, ಲೋಟ ಹಿಡಿದ ಕೈ ಒಮ್ಮೆ ಅದ್ದಿದರೆ ಅದನ್ನು ಕಾಯುವವರು ಯಾರೂ ಇಲ್ಲ.

ಕಾಲರಾ, ಭೇದಿಗಳು ಬಂದಾಗಿನ ಮದ್ದು ಮಾತ್ರ ಅಗ್ಗದ್ದೂ ಸರಳವೂ ಆಗಿದೆ. 1971ರ ಬಾಂಗ್ಲಾದೇಶ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಬಾಟಲಿಗಳು ಮುಗಿದುಹೋದಾಗ, ಡಾ. ದಿಲೀಪ್ ಮಹಲನಬಿಸ್ ಗ್ಲೂಕೋಸ್ ಮತ್ತು ಉಪ್ಪು ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ರೋಗಿಗಳ ಬಂಧುಗಳ ಕೈಯಲ್ಲೇ ಕುಡಿಸಿದರು. ಶೇ 30ರ ಸುಮಾರಿನಲ್ಲಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. ಇಂದು ಅಂಗನವಾಡಿ, ಆಶಾ ಕಾರ್ಯಕರ್ತೆಯರ ಚೀಲದಲ್ಲಿರುವ ಓಆರ್‌ಎಸ್ ಪೊಟ್ಟಣ ಅದರದೇ ಮುಂದುವರಿಕೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ, ಗುಟುಕು ಗುಟುಕಾಗಿ ಕುಡಿಸುತ್ತಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಭೇದಿಯಾದವರಿಗೆ ನೀರು ಕೊಡಬಾರದೆಂಬ ಹಳೆಯ ನಂಬಿಕೆ ಕೆಲವು ಮನೆಗಳಲ್ಲಿ ಇನ್ನೂ ಉಳಿದಿರುವುದು ದುರದೃಷ್ಟಕರ.

ಇಷ್ಟು ಸುಲಭದ ಮದ್ದಿದ್ದೂ ಜಗತ್ತಿನಲ್ಲಿ ಕಾಲರಾ ಮತ್ತೆ ಏರುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಗೆ 2021ರಲ್ಲಿ 35 ದೇಶಗಳಿಂದ ವರದಿಯಾಗಿದ್ದ ಈ ರೋಗ 2022ರಲ್ಲಿ 44 ದೇಶಗಳಿಂದ, 2023ರಲ್ಲಿ 45 ದೇಶಗಳಿಂದ ವರದಿಯಾಯಿತು. ಬಿರುಗಾಳಿ, ನೆರೆಗಳ ಹೊಡೆತಕ್ಕೆ ಸಿಕ್ಕ ಮಲಾವಿ ದೇಶದಲ್ಲಿ 2022-23ರಲ್ಲಿ 1,700ಕ್ಕೂ ಹೆಚ್ಚು ಜನ ಸತ್ತರು. ಮೈಸೂರು ಮಲಾವಿಯಲ್ಲ; ಇಲ್ಲಿ ಕೆಆರ್‌ಎಸ್ ರಸ್ತೆಯಲ್ಲಿ ಸಾಂಕ್ರಾಮಿಕ ರೋಗಗಳಿಗೆಂದೇ ಆಸ್ಪತ್ರೆಯಿದೆ, ವೈದ್ಯಕೀಯ ಕಾಲೇಜುಗಳಿವೆ, ಪ್ರಯೋಗಾಲಯಗಳಿವೆ. ಆದರೆ ಆಸ್ಪತ್ರೆಗೆ ರೋಗಿಯ ಮೂಲಕ ಸುದ್ದಿ ತಲುಪುವ ಹೊತ್ತಿಗೆ ನೀರು ಕೆಟ್ಟು ಒಂದೆರಡು ದಿನಗಳಾಗಿರುತ್ತವೆ, ಟೈಫಾಯ್ಡ್ ಆದರೆ ವಾರಗಳೇ ಆಗಿರುತ್ತವೆ.

ಅದಕ್ಕೂ ಮೊದಲೇ ನೀರನ್ನೇ ಕೇಳಿ ತಿಳಿಯುವ ಸಾಧನಗಳು ದುಬಾರಿಯವಲ್ಲ. ಕ್ಲೋರೋಸ್ಕೋಪಿನ ಗಾಜಿನ ನಳಿಕೆಯಲ್ಲಿ ನಲ್ಲಿ ನೀರು ಹಿಡಿದು ಕೆಲವು ಹನಿ ದ್ರಾವಣ ಬಿಟ್ಟರೆ, ಉಳಿಕೆ ಕ್ಲೋರಿನ್ ಇದ್ದಷ್ಟಕ್ಕೆ ತಕ್ಕಂತೆ ಅದು ಹಳದಿಯಾಗುತ್ತದೆ. ಬಣ್ಣವೇ ಬಾರದಿದ್ದರೆ ಆ ಬೀದಿಯ ಲೈನಿನಲ್ಲಿ ರಕ್ಷಣೆ ಮುಗಿದಿದೆ ಎಂದರ್ಥ. ಭಾರತದ ರಕ್ಷಣಾ ವಿಜ್ಞಾನಿಗಳು 1982ರಲ್ಲಿ ರೂಪಿಸಿದ ಎಚ್‌ಟುಎಸ್ ಬಾಟಲಿಯಲ್ಲಿ ನೀರು ತುಂಬಿ ಬೆಚ್ಚಗಿನ ಕಡೆ ಇಟ್ಟರೆ, ಮಲದ ಬ್ಯಾಕ್ಟೀರಿಯಾ ಇದ್ದಲ್ಲಿ ಒಂದೆರಡು ದಿನದೊಳಗೆ ನೀರು ಕಪ್ಪಾಗುತ್ತದೆ. ಸಾಧನಕ್ಕಿಂತ ಮುಖ್ಯವಾದದ್ದು ಪರೀಕ್ಷೆಯ ಜಾಗ ಮತ್ತು ಹೊತ್ತು. ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ ತೆಗೆದ ಮಾದರಿ ಸದಾ ಚೆನ್ನಾಗಿಯೇ ಬರುತ್ತದೆ. ನೋಡಬೇಕಾದದ್ದು ಲೈನಿನ ಕಟ್ಟಕಡೆಯ ಮನೆಯನ್ನು, ವಾಲ್ವ್ ತೆರೆದ ಮೊದಲ ಹತ್ತು ನಿಮಿಷದಲ್ಲಿ, ಭರಣಿ ಮಳೆ ಬಿದ್ದ ಮರುದಿನ. ಮಳೆಯ ಮುನ್ಸೂಚನೆ ಕೃಷಿ ಇಲಾಖೆಗೂ ವಿದ್ಯುತ್ ಸರಬರಾಜಿನವರಿಗೂ ಮುಟ್ಟುವಷ್ಟು ಹೊತ್ತಿಗೆ ನೀರು ಬಿಡುವ ವಾಲ್‌ಮನ್‌ಗೂ ಹಳ್ಳಿಯ ನೀರುಗಂಟಿಗೂ ಮುಟ್ಟಿ, ಮಳೆಯ ದಿನವೂ ಮರುದಿನವೂ ಕ್ಲೋರಿನ್ ಪ್ರಮಾಣ ಏರಿಸುವ ಪದ್ಧತಿ ಬಂದರೆ, ಅದಕ್ಕೆ ಬೇಕಾಗುವುದು ಒಂದು ಆದೇಶ ಮತ್ತು ಕೆಲವು ಮೂಟೆ ಬ್ಲೀಚಿಂಗ್ ಪೌಡರ್.

ನಗರದ ದಾಹಕ್ಕೆ ಮುಂದಿನ ಉತ್ತರವಾಗಿ ಕೆಆರ್‌ಎಸ್ (ಕೃಷ್ಣರಾಜಸಾಗರ) ಹಿನ್ನೀರಿನಿಂದ ನೀರೆತ್ತುವ ಹಳೇ ಉಂಡುವಾಡಿ ಯೋಜನೆಯನ್ನು ಆಡಳಿತ ಮುಂದಿಟ್ಟಿದೆ, ಹೊರವಲಯದ ಬಡಾವಣೆಗಳೂ ಹಳ್ಳಿಗಳೂ ಅದನ್ನೇ ಎದುರು ನೋಡುತ್ತಿವೆ. ದೇಶದ ನೀರು ಸರಬರಾಜು ಕೈಪಿಡಿಯ ಲೆಕ್ಕದಲ್ಲಿ ನಗರವಾಸಿಯೊಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕು; ಕೊಟ್ಟದ್ದರಲ್ಲಿ ಶೇ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂಬುದೂ ಅದೇ ಲೆಕ್ಕದ ಮಾತು. ಯೋಜನೆ ಮುಗಿದು ನೀರು ಬಂದ ದಿನದಿಂದಲೇ ಹೊರವಲಯದ ಪ್ರತಿಯೊಬ್ಬರ ಹೆಸರಿನಲ್ಲಿ ದಿನಕ್ಕೆ 108 ಲೀಟರ್ ಕೊಳಚೆ ಹೊರಡುತ್ತದೆ, ಮತ್ತು ಯುಜಿಡಿ ಇನ್ನೂ ಬಾರದ ಲೇಔಟುಗಳಲ್ಲಿ ಅದು ಹಿಡಿಯುವುದು ಈಗಿರುವ ಇಂಗುಗುಂಡಿಯ ಹಾಗೂ ತಗ್ಗಿನ ಹಳ್ಳಿಯ ಕೆರೆಯ ದಾರಿಯನ್ನೇ.